ಮಗಳಿಗೊಂದು ಪತ್ರ: ಆ ಒಂದೇ ಸೀರೆ

ಮುದ್ದು ಪುಟ್ಟಿ,

ಪತ್ರಿಕೆ ಕೆಲಸ ಬಿಟ್ಟು ವಾರ್ಡ್ ಚುನಾವಣೆಗೆ ನಿಲ್ಲಲಾ ಅಂತ ಕೇಳಿದೆಯಲ್ಲ, ಫೋನಿನಲ್ಲಿ "ನೋಡೋಣ" ಎಂದು ಸುಮ್ಮನಾದೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು, ಅದಕ್ಕೆ.

"ಡಿವಿಜಿ ಎರಡೂ ಮಾಡಲಿಲ್ವಾ ಅಮ್ಮಾ?" ಎಂದೆ. ಮುಳಬಾಗಿಲಿನ ಹುಡುಗಿ, ಅವರ ಹೆಸರು ಹೇಳದೆ ಇರ್ತೀಯಾ! ನಾನೂ ಮೂವತ್ತು ವರ್ಷ ಮಕ್ಕಳಿಗೆ ಅವರ 'ಮಂಕುತಿಮ್ಮನ ಕಗ್ಗ' ಬಾಯಿಪಾಠ ಮಾಡಿಸಿದೆ. ಅವರ ಪತ್ರಿಕೆಯ ವಿಷಯ ಮಾತ್ರ ಒಂದು ದಿನವೂ ಹೇಳಲಿಲ್ಲ.

ಅವರು ಹುಟ್ಟಿದ್ದು ನಮ್ಮ ಮುಳಬಾಗಿಲಿನಲ್ಲೇ, 1887ರಲ್ಲಿ. ಮೆಟ್ರಿಕ್ ಪಾಸಾಗಲಿಲ್ಲ. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಸೋಡಾ ಕಾರ್ಖಾನೆ, ಬೆಂಗಳೂರಿನಲ್ಲಿ ಜಟಕಾ ಗಾಡಿಗೆ ಬಣ್ಣ ಬಳಿಯುವ ಅಂಗಡಿ, ಹೀಗೆ ಅಲೆದು ಪತ್ರಿಕೆಗೆ ಬಂದರು. ಇಪ್ಪತ್ತೊಂದು ವರ್ಷ ಆಗುವಷ್ಟರಲ್ಲಿ, 1908ರಲ್ಲಿ, ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಿತು. ಪತ್ರಿಕೆ ನಡೆಸಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಎಷ್ಟೋ ಪತ್ರಿಕೆಗಳು ಬಾಗಿಲು ಹಾಕಿದವು. ಅದನ್ನು ಕಣ್ಣಾರೆ ಕಂಡವರು 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು, ವಾರಕ್ಕೆ ಎರಡು ಸಂಚಿಕೆ. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಇಬ್ಬರಿಗೂ ಗಾಢ ಸ್ನೇಹ. ಹಾಗಂತ ಸರ್ಕಾರದ ತಪ್ಪು ಕಂಡರೆ ಪೆನ್ನು ತಡೆಯುತ್ತಿರಲಿಲ್ಲ. ನಿನಗೆ ಇದು ಕಷ್ಟವಾದೀತು, ನೀನು ಸ್ನೇಹಿತರ ಮದುವೆಯ ಅಡುಗೆ ಚೆನ್ನಾಗಿಲ್ಲ ಅನ್ನೋಕೂ ಹಿಂದೆಮುಂದೆ ನೋಡುವವಳು.

1926ರಿಂದ 1940ರವರೆಗೆ ಮೈಸೂರು ಶಾಸನ ಪರಿಷತ್ತಿನಲ್ಲಿ ಕೂತರು. ಬೆಂಗಳೂರು ಪುರಸಭೆಯಲ್ಲೂ ಇದ್ದರು. ಈಗಿನ ಹಾಗಲ್ಲ, ಪರಿಷತ್ತಿನಲ್ಲಿ ಎಷ್ಟೇ ಕೂಗಾಡಿದರೂ ದಿವಾನರನ್ನು ಇಳಿಸುವ ಅಧಿಕಾರ ಸದಸ್ಯರಿಗೆ ಇರಲಿಲ್ಲ. ಮಾತಾಡಬಹುದು, ಪ್ರಶ್ನೆ ಕೇಳಬಹುದು, ಅಷ್ಟೇ. ಹೊರಗೆ ಜನ ಚಳವಳಿಗೆ ಇಳಿದಾಗಲೂ ಇವರದು ಕಾನೂನಿನ ದಾರಿ, ನಿಧಾನದ ದಾರಿ. ಮಂದಗಾಮಿ ನಾಯಕ ಗೋಪಾಲಕೃಷ್ಣ ಗೋಖಲೆಯವರ ಶಿಷ್ಯಮನಸ್ಸು. ಆ ನಿಧಾನ ನನಗೆ ಅಷ್ಟು ಹಿಡಿಸುವುದಿಲ್ಲ, ನಿಜ ಹೇಳಬೇಕಲ್ಲ.

ನನಗೆ ತಲೆಯಲ್ಲಿ ಕೊರೆಯುವುದು ಬೇರೆಯೇ ಒಂದು ಸಂಗತಿ. ಎಲ್ಲರೂ ಹೇಳುವ ಕಥೆಯೇ. ನೆಂಟರ ಮನೆಯ ಸಮಾರಂಭಕ್ಕೆ ಹೆಂಡತಿ ಭಾಗೀರಥಮ್ಮ ಹೋಗಲಿಲ್ಲವಂತೆ. ಯಾಕೆ ಅಂತ ಕೇಳಿದರೆ, ಇರುವುದೊಂದೇ ಸೀರೆ, ಅದೂ ಹರಿದಿದೆ, ಅದನ್ನುಟ್ಟು ಹೋದರೆ ನಿಮ್ಮ ಮರ್ಯಾದೆ ಹೋಗುತ್ತದೆ ಎಂದರಂತೆ. ಭಾಷಣಗಳಲ್ಲಿ ಇದನ್ನು ಹೇಳಿ ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಪ್ರತಿ ಸಲವೂ ಸಿಟ್ಟು ಬರುತ್ತದೆ. ಸರ್ಕಾರ ಕೊಡಬಂದ ದುಡ್ಡು ಬೇಡ ಅಂದದ್ದು ಡಿವಿಜಿ. ಸೀರೆ ಇಲ್ಲದೆ ಮನೆಯೊಳಗೆ ಉಳಿದದ್ದು ಆಕೆ. ಪಾಪ, ಚಿಕ್ಕ ವಯಸ್ಸಿಗೇ ಹೋಗಿಬಿಟ್ಟರು. ಡಿವಿಜಿ ಮತ್ತೆ ಮದುವೆಯಾಗಲಿಲ್ಲ.

ಆದರೂ ಆ ಮನುಷ್ಯನನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ ನೋಡು. 1970ರಲ್ಲಿ ಜನ ಒಂದು ಲಕ್ಷ ರೂಪಾಯಿ ಕೂಡಿಸಿ ಕೊಟ್ಟರೆ, ಅಷ್ಟನ್ನೂ ತಾವು 1945ರಲ್ಲಿ ಕಟ್ಟಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಆಗ ಅವರಿಗೆ ಎಂಬತ್ತು ದಾಟಿತ್ತು.

ಹಾಗಾಗಿ ನಿಲ್ಲು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನಾಮಪತ್ರ ತುಂಬುವ ಮೊದಲು ಅಳಿಯಂದಿರ ಜೊತೆ ಕೂತು ಒಂದು ಹಾಳೆಯಲ್ಲಿ ಲೆಕ್ಕ ಬರಿ. ಮನೆ ಬಾಡಿಗೆ, ಪಾಪುವಿನ ಸ್ಕೂಲ್ ಫೀಸು, ನಿನ್ನ ಸಂಬಳ ನಿಂತರೆ ಎಷ್ಟು ತಿಂಗಳು ತಡೆಯುತ್ತದೆ, ಯಾವುದಕ್ಕೆ ಕತ್ತರಿ ಹಾಕಬೇಕು, ಅದು ಯಾರ ಪಾಲಿನದು. ಅಳಿಯಂದಿರು ಸುಮ್ನೆ ತಲೆ ಆಡಿಸಿದರೆ ಒಪ್ಪಬೇಡ, ಬಾಯಿಬಿಟ್ಟು ಹೇಳಲಿ. ಆ ಹಾಳೆ ನನಗೂ ಕಳಿಸು.

ಹುಣಸೆಹಣ್ಣು ಬಿಡಿಸಿ ಒಣಗಿಸಿ ಇಟ್ಟಿದ್ದೇನೆ. ಭಾನುವಾರ ನಿಮ್ಮಪ್ಪ ಬಸ್ಸಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಚುನಾವಣೆ ವಿಷಯ ಅವರಿಗೆ ನೀನೇ ಹೇಳು, ನನ್ನ ಕೈಲಾಗಲ್ಲ.

ನಿನ್ನ ಅಮ್ಮ