ರೆಗಟ್ಟಾಕ್ಕೆ ಮನೆಯವರೂ ಸಿದ್ಧರಾಗಬೇಕು

ಸಂಪಾದಕರಿಗೆ,

ಮಾನ್ಯರೇ,

ಪ್ರೌಢಶಾಲಾ ಮಕ್ಕಳ ದೊಡ್ಡ ರೋಯಿಂಗ್ ರೆಗಟ್ಟಾ (ಹುಟ್ಟು ಹಾಕುವ ದೋಣಿಗಳ ಸ್ಪರ್ಧಾಕೂಟ) ಮುಗಿದ ಮೇಲೆ ಫಲಿತಾಂಶದ ಸುದ್ದಿ ಬರುತ್ತದೆ, ಪದಕ ಧರಿಸಿದ ಮಕ್ಕಳ ಚಿತ್ರ ಬರುತ್ತದೆ. ಅದಕ್ಕೂ ಮೊದಲಿನ ಎರಡು ವಾರಗಳಲ್ಲಿ ಆ ಮಕ್ಕಳ ಮನೆಗಳಲ್ಲಿ ಏನು ನಡೆಯುತ್ತದೆ, ಏನು ನಡೆಯಬೇಕಿತ್ತು ಎಂಬುದು ಮಾತ್ರ ಚರ್ಚೆಗೆ ಬರುವುದೇ ಅಪರೂಪ. ಎಂಟು ಜನ ಹುಟ್ಟು ಹಾಕುವ ದೋಣಿಯಲ್ಲಿ ಕಾಕ್ಸ್ (ತಾನು ಹುಟ್ಟು ಹಾಕದೆ ದೋಣಿಯ ದಿಕ್ಕು ನೋಡಿಕೊಂಡು ಆದೇಶ ಕೊಡುವವಳು) ಆಗಿರುವ ಹುಡುಗಿಯ ತಂದೆಯಾಗಿ ನಾನು ಹೇಳಬೇಕಾದದ್ದು ಇಷ್ಟೆ: ಶಾಲೆಗಳು ಹುಟ್ಟು ಹಾಕುವ ಮಕ್ಕಳನ್ನು ತಿಂಗಳುಗಟ್ಟಲೆ ಪಳಗಿಸುತ್ತವೆ, ಆದರೆ ಅವರ ಮನೆಯವರಿಗೆ ಏನನ್ನೂ ತಿಳಿಸಿಕೊಡುವುದಿಲ್ಲ, ಸ್ಪರ್ಧೆಯ ದಿನ ಆ ಕೊರತೆಯನ್ನು ಅನುಭವಿಸುವವರು ಮಕ್ಕಳೇ.

ಮೊದಲ ಬಾರಿ ರೆಗಟ್ಟಾಕ್ಕೆ ಹೋಗುವ ಕುಟುಂಬಕ್ಕೆ ಆ ದಿನ ಹೇಗಿರುತ್ತದೆ ಎಂಬ ಕಲ್ಪನೆಯೇ ಇರುವುದಿಲ್ಲ. ಶಾಲಾ ಮಟ್ಟದಲ್ಲಿ ಸ್ಪರ್ಧೆಯ ದೂರ ಸಾಮಾನ್ಯವಾಗಿ 1500 ಅಥವಾ 2000 ಮೀಟರ್. ಎಂಟು ಜನರ ದೋಣಿ ಎರಡು ಸಾವಿರ ಮೀಟರನ್ನು ಆರೇಳು ನಿಮಿಷಗಳಲ್ಲಿ ಮುಗಿಸುತ್ತದೆ, ಮತ್ತು ಅಂತಿಮ ಗೆರೆಯ ಬಳಿ ನಿಂತವರಿಗೆ ಅದರಲ್ಲಿ ಸ್ಪಷ್ಟವಾಗಿ ಕಾಣುವುದು ಕೊನೆಯ ಒಂದು ನಿಮಿಷದಷ್ಟು ಮಾತ್ರ. ಉಳಿದದ್ದೆಲ್ಲ ಕಾಯುವಿಕೆ. ತಂಡವು ಸ್ಪರ್ಧೆಗೆ ಸುಮಾರು ಮುಕ್ಕಾಲು ಗಂಟೆ ಮೊದಲೇ ನೀರಿಗಿಳಿದು ಮೈ ಬಿಸಿ ಮಾಡಿಕೊಳ್ಳಬೇಕು. ಅದಕ್ಕೂ ಮೊದಲು ದೋಣಿಯನ್ನು ಸ್ಟ್ಯಾಂಡ್‌ನಿಂದ ಎತ್ತಿ, ಕಾಕ್ಸ್‌ನ ಆದೇಶದಂತೆ ಹೆಗಲ ಮೇಲೆ ಹೊತ್ತು, ಜನರ ನಡುವೆ ದಾರಿ ಮಾಡಿಕೊಂಡು ದಡಕ್ಕೆ ಒಯ್ಯಬೇಕು. ಹದಿನೇಳು ಮೀಟರಿಗೂ ಉದ್ದದ ಆ ದೋಣಿ ತಿರುಗುವಾಗ ಅದರ ತುದಿ ಎಷ್ಟು ಅಗಲಕ್ಕೆ ಬೀಸುತ್ತದೆ ಎಂಬುದು ಗೊತ್ತಿಲ್ಲದ ಚಿಕ್ಕಪ್ಪನೋ ಅಜ್ಜಿಯೋ ಫೋಟೊ ತೆಗೆಯಲೆಂದು ಅಡ್ಡ ನಿಂತಿರುತ್ತಾರೆ. ವಿಶ್ವ ರೋಯಿಂಗ್ ಸಂಸ್ಥೆಯ ನಿಯಮದ ಪ್ರಕಾರ ಸ್ಪರ್ಧೆಗೆ ಎರಡು ನಿಮಿಷ ಮೊದಲೇ ದೋಣಿ ಆರಂಭದ ಗೆರೆಯಲ್ಲಿ ಸ್ಥಾನ ಹಿಡಿದಿರಬೇಕು. ತಡವಾದರೆ ಎಚ್ಚರಿಕೆ, ಅದೇ ಸ್ಪರ್ಧೆಯಲ್ಲಿ ಎರಡನೆಯ ಎಚ್ಚರಿಕೆ ಬಂದರೆ ತಂಡ ಹೊರಗೆ. ಹೀಗಿರುವಾಗ ದೋಣಿ ಎತ್ತುವ ಹೊತ್ತಿಗೆ ಮಗನನ್ನು ಪಕ್ಕಕ್ಕೆ ಕರೆದು ಸಂಬಂಧಿಕರಿಗೆ ಪರಿಚಯಿಸುವ ತಂದೆಯೊಬ್ಬರು ಎಂಟು ಮಂದಿಯ ಸಮಯವನ್ನೂ ಕಸಿಯುತ್ತಾರೆ.

ಮನೆಯವರು ಎಲ್ಲಕ್ಕಿಂತ ಹೆಚ್ಚು ತಿಳಿದಿರಬೇಕಾದ ವಿಷಯ ಊಟ ಮತ್ತು ತೂಕ. ಕಾಕ್ಸ್ ಹಗುರವಾಗಿದ್ದಷ್ಟೂ ದೋಣಿ ವೇಗವಾಗಿ ಹೋಗುತ್ತದೆ ಎಂಬ ಮಾತು ಶಾಲಾ ತಂಡಗಳಲ್ಲಿ ಈಗಲೂ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಅಂತರರಾಷ್ಟ್ರೀಯ ನಿಯಮ ಇದಕ್ಕೆ ಬಹಳ ಹಿಂದೆಯೇ ಕಡಿವಾಣ ಹಾಕಿದೆ: ಕಾಕ್ಸ್‌ನ ಕನಿಷ್ಠ ತೂಕ 55 ಕಿಲೋ, ಅದಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸದಷ್ಟು ಜಡ ತೂಕವನ್ನು, ಗರಿಷ್ಠ 15 ಕಿಲೋವರೆಗೆ, ದೋಣಿಯಲ್ಲಿ ಹೊರಲೇಬೇಕು. ಆಯಾ ಶಾಲಾ ರೆಗಟ್ಟಾದಲ್ಲಿ ಅಂಕಿ ಬೇರೆಯಿರಬಹುದು, ತತ್ವ ಒಂದೇ. ಅಂದರೆ ಆ ಮಿತಿಗಿಂತ ಕೆಳಗಿಳಿಯಲು ಉಪವಾಸ ಮಾಡಿದ ಹುಡುಗಿಗೆ ಸಿಗುವುದು ಒಂದು ಮರಳಿನ ಚೀಲ ಮಾತ್ರ. ಇಷ್ಟಾದರೂ, ಹೆಸರು ಹೇಳಬೇಕಾಗಿಲ್ಲದ ಒಂದು ಶಾಲೆಯಲ್ಲಿ, ರೆಗಟ್ಟಾಕ್ಕೆ ಮೂರು ದಿನವಿರುವಾಗ ನನ್ನ ಮಗಳಿಗೆ ‘ರಾತ್ರಿ ಊಟ ಬಿಟ್ಟರೆ ಒಳ್ಳೆಯದು’ ಎಂದು ಸಲಹೆ ನೀಡಲಾಗಿತ್ತು. ಅವಳು ಬೆಳೆಯುವ ವಯಸ್ಸಿನವಳು. ಸ್ಪರ್ಧೆಯಲ್ಲಿ ಅವಳ ಕೆಲಸ ದೋಣಿಯನ್ನು ನೇರವಾಗಿ ನಡೆಸುವುದು, ಅಪಾಯವನ್ನು ಮೊದಲು ಗುರುತಿಸುವುದು, ಎಂಟು ಜನರಿಗೆ ಸ್ಪಷ್ಟವಾದ ಆದೇಶ ಕೊಡುವುದು. ಹಸಿದ ಹೊಟ್ಟೆಯಲ್ಲಿ ಇದಾವುದೂ ಆಗುವ ಕೆಲಸವಲ್ಲ.

ಹುಟ್ಟು ಹಾಕುವವರ ವಿಷಯದಲ್ಲಿಯೂ ಹೀಗೆಯೇ. ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಹಗುರ ತೂಕದ ವಿಭಾಗವೇ ಇಲ್ಲ. 1996ರಲ್ಲಿ ಒಲಿಂಪಿಕ್ಸ್ ಸೇರಿದ ಆ ವಿಭಾಗ 2024ರ ಪ್ಯಾರಿಸ್ ಕ್ರೀಡಾಕೂಟದೊಂದಿಗೆ ಅಲ್ಲಿಂದಲೂ ನಿರ್ಗಮಿಸಿದೆ. ಆದ್ದರಿಂದ ಹದಿನಾರರ ಹುಡುಗನೊಬ್ಬ ಬೆವರು ಸುರಿಸಿ, ನೀರು ಕುಡಿಯದೆ ತೂಕ ಇಳಿಸುತ್ತಿದ್ದರೆ ಮನೆಯವರು ಅದನ್ನು ಶಿಸ್ತು ಎಂದು ಮೆಚ್ಚದೆ ತರಬೇತುದಾರರನ್ನು ನೇರವಾಗಿ ಪ್ರಶ್ನಿಸಬೇಕು. ಮನೆಯಿಂದ ಆಗಬೇಕಾದದ್ದು ಸರಳ: ಅಭ್ಯಾಸದ ದಿನಗಳಲ್ಲಿ ಹೊಟ್ಟೆಗೆ ಒಗ್ಗಿದ ಆಹಾರವನ್ನೇ ಸ್ಪರ್ಧೆಗೆ ಎರಡು ಮೂರು ಗಂಟೆ ಮೊದಲು ಕೊಡುವುದು, ಹೀಟ್ಸ್ (ಮೊದಲ ಅರ್ಹತಾ ಸುತ್ತು) ಮತ್ತು ಫೈನಲ್ ನಡುವೆ ತಿನ್ನಲು ಸುಲಭವಾಗಿ ಜೀರ್ಣವಾಗುವ ಏನನ್ನಾದರೂ ಕಟ್ಟಿಕೊಡುವುದು, ನೀರಿನ ಬಾಟಲಿಯ ಮೇಲೆ ಹೆಸರು ಬರೆಯುವುದು. ಶಕ್ತಿ ಬರಲಿ ಎಂದು ಅಂದೇ ಹೊಸ ಪಾನೀಯವೊಂದನ್ನು ಪರಿಚಯಿಸುವ ಉತ್ಸಾಹ ಬೇಡ.

ಕೊನೆಯ ವಾರದಲ್ಲಿ ಅಭ್ಯಾಸ ಕಡಿಮೆಯಾದುದನ್ನು ಕಂಡು ಕೆಲವು ಪೋಷಕರು ಗಾಬರಿಯಾಗುತ್ತಾರೆ. ವೇಗವಾಗಿ ಹುಟ್ಟು ಹಾಕುವ ಕಿರು ಅಭ್ಯಾಸಗಳನ್ನು ಉಳಿಸಿಕೊಂಡು ಒಟ್ಟು ದೂರವನ್ನು ಇಳಿಸುವುದು ಬೇಕೆಂದೇ ಮಾಡುವ ಕ್ರಮ, ದಣಿದ ಸ್ನಾಯುಗಳು ಚೇತರಿಸಿಕೊಳ್ಳಲಿ ಎಂದು. ಉಳಿದ ಸಮಯವನ್ನು ಟ್ಯೂಷನ್‌ನಿಂದ ತುಂಬಿಸುವ ಬದಲು ಮಗು ನಿದ್ದೆ ಮಾಡಲಿ.

ಇನ್ನು ಸುರಕ್ಷತೆ. ದೋಣಿಯ ಮೂತಿಗೆ ಕನಿಷ್ಠ ನಾಲ್ಕು ಸೆಂಟಿಮೀಟರ್ ಅಡ್ಡಳತೆಯ ಬಿಳಿ ರಬ್ಬರ್ ಚೆಂಡು ಇರಲೇಬೇಕು, ಡಿಕ್ಕಿಯಾದಾಗ ಚೂಪಾದ ತುದಿ ಯಾರಿಗೂ ಚುಚ್ಚದಿರಲಿ ಎಂದು. ಅದಕ್ಕಿಂತಲೂ ಮುಖ್ಯವಾದದ್ದು ದೋಣಿಯೊಳಗೆ ಬಿಗಿದಿರುವ ಶೂಗಳ ಹಿಮ್ಮಡಿಗೆ ಕಟ್ಟಿದ ಗಿಡ್ಡ ದಾರ. ದೋಣಿ ಮಗುಚಿದರೆ ಈ ದಾರ ಶೂವಿನ ಹಿಮ್ಮಡಿಯನ್ನು ಮೇಲೇಳಲು ಬಿಡುವುದಿಲ್ಲ, ಆಗ ಕೈ ತಾಗಿಸದೆಯೇ ಕಾಲು ಶೂವಿನಿಂದ ಜಾರಿ ಹೊರಬರುತ್ತದೆ. ಅದು ಸವೆದು ಹರಿದಿದ್ದರೆ, ಅಥವಾ ಯಾರೋ ಉದ್ದಕ್ಕೆ ಕಟ್ಟಿದ್ದರೆ, ತಲೆಕೆಳಗಾದ ಮಗುವಿನ ಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಡದಲ್ಲಿ ಅಧಿಕಾರಿಗಳು ಪರೀಕ್ಷಿಸುತ್ತಾರೆ, ನಿಜ. ಆದರೆ ಹಿಂದಿನ ಸಂಜೆ ಪ್ರತಿಯೊಬ್ಬರೂ ತಮ್ಮ ತಮ್ಮ ಆಸನದ ದಾರವನ್ನು ಎಳೆದು ನೋಡಿ, ರಿಗರ್‌ನ (ಹುಟ್ಟನ್ನು ಹಿಡಿದಿಡಲು ದೋಣಿಯ ಬದಿಗೆ ಜೋಡಿಸಿದ ಚೌಕಟ್ಟು) ನಟ್ಟುಗಳನ್ನು ಸ್ಪ್ಯಾನರ್‌ನಿಂದ ಬಿಗಿಮಾಡಿ, ತಂಡದ ನಾಯಕನ ಪಟ್ಟಿಯಲ್ಲಿ ಸಹಿ ಮಾಡುವ ಪದ್ಧತಿ ಇರಬೇಕು. ದೋಣಿ ಮಗುಚಿದರೆ ದಡ ಎಷ್ಟೇ ಹತ್ತಿರವಿದೆ ಎನಿಸಿದರೂ ತೇಲುವ ದೋಣಿಯನ್ನು ಬಿಟ್ಟು ಈಜಬಾರದು ಎಂಬುದನ್ನು ಮಕ್ಕಳಿಗೆ ಹೇಳಿರುತ್ತಾರೆ. ಅದನ್ನು ಪೋಷಕರಿಗೂ ಹೇಳಿದ್ದರೆ ದಡದಿಂದ ‘ಈಜಿ ಬಾ’ ಎಂದು ಕೂಗುವವರು ಇರುವುದಿಲ್ಲ. ಗುಡುಗು ಕೇಳಿಸಿದರೆ ಸ್ಪರ್ಧೆಗಳು ನಿಲ್ಲುತ್ತವೆ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯುವುದು ವ್ಯಾಪಕವಾಗಿ ಒಪ್ಪಿತವಾದ ಕ್ರಮ. ಆ ವಿಳಂಬಕ್ಕಾಗಿ ಸಂಘಟಕರ ಮೇಲೆ ರೇಗುವವರನ್ನು ಕಂಡಾಗ, ಇವರ ಮಕ್ಕಳೇ ಅಲ್ಲವೇ ನೀರಿನ ಮಧ್ಯೆ ಕೂರಬೇಕಾದವರು ಎಂದು ನನಗೆ ಅಚ್ಚರಿಯಾಗುತ್ತದೆ.

ಫಲಿತಾಂಶದ ಬಗ್ಗೆಯೂ ಮೊದಲೇ ಒಂದು ಮಾತು ಆಗಿರಬೇಕು. ಹೀಟ್ಸ್‌ನಲ್ಲಿ ಹಿಂದೆ ಬಿದ್ದ ತಂಡಗಳಿಗೆ ಕೆಲವು ರೆಗಟ್ಟಾಗಳಲ್ಲಿ ರೆಪೆಶಾಜ್ ಎಂಬ ಇನ್ನೊಂದು ಸುತ್ತು ಇರುತ್ತದೆ. ಅದನ್ನರಿಯದೆ ಸೋತೆವೆಂದು ಮಗುವನ್ನು ಕರೆದುಕೊಂಡು ಹೊರಟ ಕುಟುಂಬಗಳೂ ಇವೆ. ಒಬ್ಬರು ಹೊರಟರೆ ಇಡೀ ದೋಣಿಯೇ ದಡದಲ್ಲಿ ಉಳಿಯುತ್ತದೆ. ಸೋತು ಬಂದ ಮಕ್ಕಳ ಬಳಿ ‘ಮೂರನೆಯ ಸೀಟಿನವನು ತಡ ಮಾಡುತ್ತಿದ್ದ’ ಎಂಬಂಥ ವಿಶ್ಲೇಷಣೆಯನ್ನು ಮನೆಯವರು ಮಾಡಲೇಬಾರದು. ದಡದಿಂದ ಅದು ಕಾಣುವುದೂ ಇಲ್ಲ, ಮರುದಿನ ಅದೇ ಹುಡುಗನ ಬೆನ್ನ ಹಿಂದೆ ಕುಳಿತು ಇವರ ಮಗ ಹುಟ್ಟು ಹಾಕಬೇಕಾಗಿರುತ್ತದೆ.

ಕೊನೆಯದಾಗಿ, ಎಲ್ಲರೂ ಮರೆಯುವ ಕೆಲಸವೊಂದಿದೆ. ಕೊನೆಯ ಸ್ಪರ್ಧೆಯ ನಂತರ ರಿಗರ್‌ಗಳನ್ನು ಬಿಚ್ಚಿ, ನಟ್ಟು ವಾಷರ್‌ಗಳನ್ನು ಹುಲ್ಲಿನಲ್ಲಿ ಕಳೆಯದಂತೆ ಡಬ್ಬಿಗೆ ಹಾಕಿ, ದೋಣಿಗಳನ್ನು ಟ್ರೇಲರ್‌ಗೆ ಏರಿಸಿ ಪಟ್ಟಿ ಬಿಗಿಯಲು ಒಂದೆರಡು ಗಂಟೆಯಾದರೂ ಬೇಕು. ಎಂಟು ಜನರ ದೋಣಿಯ ಕನಿಷ್ಠ ತೂಕವೇ 96 ಕಿಲೋ. ಅರ್ಧ ತಂಡ ಮನೆಗೆ ಹೋದರೆ ಉಳಿದ ನಾಲ್ವರು ಅದನ್ನು ಸುರಕ್ಷಿತವಾಗಿ ಎತ್ತಲಾರರು. ಹೊರಡುವ ವೇಳೆ ಎಂದರೆ ಟ್ರೇಲರ್ ತುಂಬಿದ ವೇಳೆ ಎಂದು ಮನೆಯವರಿಗೆ ಮೊದಲೇ ಬರೆದು ತಿಳಿಸಬೇಕು.

ಆದ್ದರಿಂದ ರೋಯಿಂಗ್ ತಂಡವಿರುವ ಶಾಲೆಗಳು ರೆಗಟ್ಟಾಕ್ಕೆ ಕನಿಷ್ಠ ಎರಡು ವಾರ ಮೊದಲು ಪೋಷಕರ ಸಭೆ ಕರೆದು, ಮಕ್ಕಳ ಹಾಜರಿ ಮತ್ತು ನಿರ್ಗಮನದ ಸಮಯ, ಆಹಾರ, ಕಾಕ್ಸ್‌ನ ತೂಕದ ನಿಯಮ, ಹವಾಮಾನ ಕೆಟ್ಟರೆ ಯಾರನ್ನು ಸಂಪರ್ಕಿಸಬೇಕು ಎಂಬುದನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಬೇಕೆಂದೂ, ಆ ಸಭೆಯಲ್ಲಿ ತರಬೇತುದಾರರ ಜೊತೆಗೆ ಕಾಕ್ಸ್‌ಗೂ ತಂಡದ ನಾಯಕರಿಗೂ ಮಾತನಾಡಲು ಅವಕಾಶವಿರಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರೋಯಿಂಗ್ ತಂಡದ ಪೋಷಕರೊಬ್ಬರು