ಟಾಪ್ ಕೊಯ್ದ ಹೆರಾಲ್ಡ್‌ನ ಕನ್ವರ್ಟಿಬಲ್ ಅಂತ ಮಾರ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಎರಡು ವಾರದ ಹಿಂದೆ ನಿಮ್ ಪೇಪರ್‌ನ ಕ್ಲಾಸಿಫೈಡ್ಸ್‌ನಲ್ಲಿ ನಾಲ್ಕೇ ಲೈನಿನ ಒಂದು ಜಾಹೀರಾತು ಬಂದಿತ್ತು. ಸ್ಟ್ಯಾಂಡರ್ಡ್ ಹೆರಾಲ್ಡ್ ಕನ್ವರ್ಟಿಬಲ್, 1965, ಫುಲ್ ರಿಸ್ಟೋರ್ಡ್, ಒರಿಜಿನಲ್, ಮಾರಾಟಕ್ಕಿದೆ ಅಂತ. ಹೆರಾಲ್ಡ್ ಅಂದ್ರೆ ಹಳೇ ಕಾಲದ ಒಂದು ಕಾರು, ಕನ್ವರ್ಟಿಬಲ್ ಅಂದ್ರೆ ಬಟ್ಟೆ ಟಾಪ್ ಹಿಂದಕ್ಕೆ ಮಡಚೋ ಥರದ್ದು. ಓದಿದ್ದೇ ತಡ, ತಿಂಡಿ ತಟ್ಟೆ ಹಂಗೇ ಬಿಟ್ಟು ಫೋನ್ ಮಾಡ್ದೆ, ಆ ಮನುಷ್ಯ ಇನ್ನೂ ಮೂರು ಪಾರ್ಟಿ ಲೈನಲ್ಲಿದಾರೆ ಸಾರ್ ಅಂದ, ನಾನು ಗಾಡಿ ನೋಡೋಕ್ ಮುಂಚೇನೇ ಹತ್ತು ಸಾವಿರ ಅಡ್ವಾನ್ಸ್ ಹಾಕ್ಬಿಟ್ಟೆ. ನನ್ ಹೆಂಡ್ತಿ ಬೈದಿದ್ದನ್ನ ಇಲ್ಲಿ ಬರೆಯಲ್ಲ.

ಈ ಹೆರಾಲ್ಡ್ ಹುಚ್ಚು ಯಾಕೆ ಅಂದ್ರೆ ಹಾಸನದಲ್ಲಿ ನಮ್ ಸೋದರಮಾವನ ಮನೇಲಿ 64ನೇ ಇಸವಿದು ಒಂದಿದೆ. ಎರಡು ಡೋರಿಂದು, ಈಗ ಕೊಟ್ಟಿಗೇಲಿ ನಿಂತಿದೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ ಅದು, ಇಟಲಿಯ ಮಿಕೆಲೊಟ್ಟಿ ಡಿಸೈನ್ ಮಾಡಿದ್ದು, 1959ರಲ್ಲಿ ಅಲ್ಲಿ ಬಂತು, ಆಮೇಲೆ ಮದ್ರಾಸಲ್ಲಿ ಸ್ಟ್ಯಾಂಡರ್ಡ್ ಕಂಪನಿಯೋರು ತಯಾರಿಸೋಕೆ ಶುರು ಮಾಡಿದ್ರು. 948 ಸಿಸಿ ಎಂಜಿನ್ನು. ಬಾನೆಟ್ ಅಂದ್ರೆ ಮುಂದಿನ ಮಡ್‌ಗಾರ್ಡ್ ಸಮೇತ ಪೂರ್ತಿ ಮೂತೀನೇ ಮುಂದಕ್ಕೆ ಮಗುಚಿಕೊಳ್ಳುತ್ತೆ, ನಮ್ ಮಾವ ಮುಂದಿನ ಟೈರ್ ಮೇಲೇ ಕೂತ್ಕೊಂಡು ಕಾರ್ಬೊರೇಟರ್ ಸೆಟ್ ಮಾಡೋರು, ಸಂತೇಲಿ ಕೂತಂಗೆ. ಒಂದೇ ತೊಂದರೆ ಹಿಂದಿನ ಸಸ್ಪೆನ್ಶನ್ದು. ಹಿಂದಿನ ಚಕ್ರ ಎರಡೂ ಬೇರೆಬೇರೆಯಾಗಿ ಆಡೋ ಥರ ಸ್ವಿಂಗ್ ಆಕ್ಸಲ್ ಕೊಟ್ಟಿದ್ರು, ಡಿಕ್ಕೀಲಿ ಅಕ್ಕಿ ಮೂಟೆ ಹಾಕಿ ಹಿಂದೆ ಅತ್ತೆ ಮಕ್ಕಳೆಲ್ಲಾ ಕೂತ್ರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿಕೊಂಡು ಗಾಡಿ ಕುಕ್ಕುರುಗಾಲಲ್ಲಿ ಕೂತಂಗೆ ಕಾಣೋದು, ಜಾಕ್ ಎತ್ತಿದ್ರೆ ಅದೇ ಚಕ್ರ ಕೆಳಗಡೆಯಿಂದ ಒಳಕ್ಕೆ ಮಡಚಿಕೊಳ್ಳೋದು. ಮುಂದೆ ಗ್ಯಾಝೆಲ್ ಅಂತ ಗಾಡಿ ತಂದಾಗ ಕಂಪನಿಯೋರೇ ಈ ಸಹವಾಸ ಬೇಡ ಅಂತ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್ ಇರೋ ಮಾಮೂಲಿ ಹೌಸಿಂಗ್ ಹಾಕಿದ್ರು.

ಇರ್ಲಿ, ವಿಷಯಕ್ಕೆ ಬರ್ತೀನಿ. ನಂಜನಗೂಡು ರೋಡಲ್ಲಿ ಒಂದು ಶೆಡ್ಡು, ಒಳಗೆ ಕೆಂಪು ಗಾಡಿ, ಸುಳ್ಳು ಯಾಕೆ ಹೇಳ್ಲಿ, ನೋಡಿದ್ ತಕ್ಷಣ ಎದೆ ಝಲ್ ಅಂತು. ಪೇಂಟಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಬೋದು, ಕ್ರೀಮ್ ಕಲರ್ ಸೀಟು, ಹಿಂದೆ ಮಡಚಿಟ್ಟ ಕಪ್ಪು ಹುಡ್. ಹೇಳಿದ ರೇಟು ಹನ್ನೊಂದು ಲಕ್ಷ. ನಾನು ಕರ್ಚೀಫಲ್ಲಿ ಸುತ್ತಿದ ಹಳೇ ಸ್ಪೀಕರ್ ಮ್ಯಾಗ್ನೆಟ್ ಚೂರೊಂದನ್ನ ಜೇಬಲ್ಲಿಟ್ಕೊಂಡ್ ಹೋಗಿದ್ದೆ, ಇದು ಮಾವ ಕಲಿಸಿದ್ದು. ಡೋರಿಗೆ ಹಿಡಿಸಿದ್ರೆ ಹಿಡೀತು, ಡೋರಿನ ಕೆಳಗಿನ ಪಟ್ಟಿಗೆ ಹಿಡಿಸಿದ್ರೆ ಜಾರಿ ಬಿತ್ತು. ಅಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ. ಆಮೇಲೆ ಹಿಂದಿನ ಸೀಟಿನ ಪಕ್ಕ ರೆಕ್ಸಿನ್ ಸ್ವಲ್ಪ ಎಬ್ಬಿಸಿ ಟಾರ್ಚ್ ಬಿಟ್ರೆ, ಟಾಪ್ ಹಿಡ್ಕೊಂಡಿದ್ದ ಕಂಬಗಳನ್ನ ಗ್ಯಾಸ್ ಕಟರಲ್ಲಿ ಕೊಯ್ದು ಅದರ ಮೇಲೆ ವೆಲ್ಡಿಂಗ್ ಹೊಡೆದು ಕೆಂಪು ಪೇಂಟ್ ಬಳಿದಿದ್ದು ಚೆನ್ನಾಗಿ ಕಾಣ್ತಿತ್ತು, ಗಂಟು ಗಂಟಾಗಿ ಇರುವೆ ಸಾಲಿನ ಥರ. ಅಂದ್ರೆ ಇದು ಸಲೂನ್, ಗಟ್ಟಿ ತಗಡಿನ ಟಾಪ್ ಇರೋ ಕಾರಾಗಿ ಹುಟ್ಟಿದ ಗಾಡಿ. ಬಾನೆಟ್ ಎತ್ತಿದ್ರೆ ಅಲ್ಲಿ ಹೆರಾಲ್ಡ್ ಎಂಜಿನ್ನೇ ಇಲ್ಲ, ಮಾರುತಿ ವ್ಯಾನಿನ ಮೂರು ಸಿಲಿಂಡರಿಂದು ಕೂತಿದೆ! ಆರ್‌ಸೀಲಿ ಮಾತ್ರ ಹಳೇ ಎಂಜಿನ್ ನಂಬರ್ರು. ಕೇಳಿದ್ರೆ "ಪಿಕಪ್ ಚೆನ್ನಾಗಿದೆ ಸಾರ್, ನಿಮ್ಗೆ ಸ್ಪೇರ್ಸ್ ಪ್ರಾಬ್ಲಂ ಬರಲ್ಲ" ಅಂತಾನೆ. ಅಡ್ವಾನ್ಸ್ ಇವತ್ತಿಗೂ ವಾಪಸ್ ಬಂದಿಲ್ಲ.

ಇದು ನನ್ನೊಬ್ಬನ ಹತ್ತು ಸಾವಿರದ ಗೋಳಾಗಿದ್ರೆ ನಿಮಗೆ ಬರೀತಿರ್ಲಿಲ್ಲ. ಶ್ರೀರಂಗಪಟ್ಟಣದ ಹತ್ರ ಪಯಣ ಅನ್ನೋ ಹಳೇ ಕಾರುಗಳ ಮ್ಯೂಸಿಯಂ ಆದ್ಮೇಲೆ ನಮ್ ಕಡೆ ಹುಡುಗರಿಗೆ ಹಳೇ ಕಾರಿನ ಆಸೆ ಜಾಸ್ತಿಯಾಗಿದೆ, ಒಳ್ಳೇದೇ, ಆದ್ರೆ ಅವರು ತಿಳ್ಕೋಬೇಕಾದ್ದು ಒಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತಾನೇ ರೂಲ್ಸ್ ತಂತು. 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು, ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ಬದಲಾಯಿಸಿರ್ಬಾರ್ದು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ನಂಬರಲ್ಲಿ ವಿಎ ಅಂತ ಬರುತ್ತೆ, ಮೊದಲೇ ನೋಂದಣಿ ಆಗಿದ್ರೆ ಹಳೇ ಮೈಸೂರು ರಾಜ್ಯದ ಎಂವೈ ನಂಬರನ್ನೇ ಉಳಿಸ್ಕೋಬೋದು. ಮಾರಿದ್ರೆ 90 ದಿನದೊಳಗೆ ಇಬ್ರೂ ಸಾರಿಗೆ ಇಲಾಖೆಗೆ ತಿಳಿಸ್ಬೇಕು. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ, ಬಾಡಿಗೆಗೆ ಬಿಡೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರೋಡಿಗೆ. ಮದುವೆ ಮನೆಗೆ ಬಾಡಿಗೆ ಬಿಟ್ಟು ದುಡ್ಡು ವಾಪಸ್ ತೆಗೀಬೋದು ಅಂತ ಆ ಶೆಡ್ಡಿನವನು ನನಗೆ ಪುಂಗಿ ಊದಿದ, ಅದಕ್ಕೆ ಹೇಳ್ತಿದೀನಿ. ಟಾಪ್ ಕೊಯ್ದು ಬೇರೆ ಎಂಜಿನ್ ಕೂರಿಸಿದ ಗಾಡಿ ಈ ರೂಲ್ಸ್ ಪ್ರಕಾರ ವಿಂಟೇಜೇ ಅಲ್ಲ. ಅಷ್ಟೇ ಅಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನ ಮನಸ್ಸಿಗೆ ಬಂದಂಗೆ ಬದಲಾಯಿಸೋದೇ ತಪ್ಪು. ಹನ್ನೊಂದು ಲಕ್ಷ ಕೊಟ್ಟು ಆರ್‌ಟಿಓ ಇನ್ಸ್‌ಪೆಕ್ಟರ್ ಮುಂದೆ ಕೈ ಕಟ್ಕೊಂಡು ನಿಲ್ಲೋದು ತಗೊಂಡವನೇ, ಮಾರಿದವನಲ್ಲ.

ಒಂದು ಮಾತು ಹೇಳ್ಬೇಕು, ಟಾಪ್ ಇಲ್ಲದ ಗಾಡಿ ಅಂದ್ರೆ ನನಗೇನೂ ಮಡಿವಂತಿಕೆ ಇಲ್ಲ. ಹೆರಾಲ್ಡ್‌ಗೆ ಚಾಸಿ ಬೇರೆ ಬಾಡಿ ಬೇರೆ, ಭಾರ ಹೊರೋದೆಲ್ಲಾ ಚಾಸೀನೇ, ಟಾಪ್ ಬೋಲ್ಟ್ ಹಾಕಿ ಕೂರಿಸಿರೋದು. ಇಂಗ್ಲೆಂಡಲ್ಲಿ ಕಂಪನಿಯೋರೇ ಕನ್ವರ್ಟಿಬಲ್ ಮಾಡಿ ಮಾರಿದ್ರು, ಅಲ್ಲಿನ ಜನ ಸ್ಪ್ಯಾನರ್ ಹಿಡ್ಕೊಂಡು ಸಲೂನಿನ ಟಾಪ್ ಬಿಚ್ಚಿ ಹುಡ್ ಹಾಕ್ಕೊಳ್ಳೋದೂ ಉಂಟು, ಬೇಡ ಅಂದ್ರೆ ವಾಪಸ್ ಕೂರಿಸ್ಬೋದು. ನಮ್ಮೋರಿಗೆ ಸ್ಪ್ಯಾನರ್ ಹಿಡಿಯೋ ವ್ಯವಧಾನ ಇಲ್ಲ, ಸೀದಾ ಗ್ಯಾಸ್ ಕಟರ್ರೇ. ನಾಲ್ಕು ಡೋರಿನ ಮಾರ್ಕ್ 3 ಹೆರಾಲ್ಡ್ ಬಂದಿದ್ದು 1968ರಲ್ಲಿ, ನಮ್ ದೇಶದಲ್ಲಿ ಮಾತ್ರ. ಅದರ ಟಾಪೂ ಕೊಯ್ದು ರಾಜಕಾರಣಿ ಮೆರವಣಿಗೆ ಗಾಡಿ ಥರ ಮಾಡಿಟ್ಟಿದ್ದನ್ನ ನಾನೇ ನೋಡಿದೀನಿ, ಅಳು ಬರುತ್ತೆ.

ಅದಕ್ಕೇ ಸಂಪಾದಕರೇ, ಹಳೇ ಗಾಡಿ ಜಾಹೀರಾತು ತಗೊಳ್ಳುವಾಗ ನಿಮ್ ಆಫೀಸಿನೋರು ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿ ಜೊತೆ ತಾಳೆ ಆಗುತ್ತಾ ಅಂತ ಒಂದು ಸಲ ಕೇಳ್ಲಿ, ಒರಿಜಿನಲ್ ಅನ್ನೋ ಪದ ಹಾಕೋಕೆ ಅಷ್ಟಾದ್ರೂ ಬೇಡ್ವಾ. ಮಾರೋರೂ ಇದು ಟಾಪ್ ಕೊಯ್ದಿದ್ದು, ಎಂಜಿನ್ ಬೇರೇದು ಅಂತ ಹೇಳಿ ಅದಕ್ಕೆ ತಕ್ಕ ರೇಟ್ ಹೇಳಿದ್ರೆ ತಗೊಳ್ಳೋರು ತಗೋತಾರೆ, ಯಾರದ್ದೂ ತಕರಾರಿಲ್ಲ.

ಆ ಶೆಡ್ಡಿನ ಮನುಷ್ಯ ಇದನ್ನ ಓದ್ತಾ ಇದ್ರೆ, ಕೊಯ್ದ ಆ ಟಾಪ್ ಗುಜರಿಗೆ ಹಾಕಿಲ್ಲ ಅಂದ್ರೆ ದಯವಿಟ್ಟು ಫೋನ್ ಮಾಡಿ, ನನ್ ನಂಬರ್ ನಿಮ್ಮತ್ರ ಇದೆ. ನಮ್ ಮಾವನ ಗಾಡಿ ಟಾಪಿಗೆ ಕೊಟ್ಟಿಗೆ ಹೆಂಚು ಸೋರಿ ಸೋರಿ ಮಧ್ಯದಲ್ಲಿ ಅಂಗೈ ಅಗಲ ತುಕ್ಕು ತಿಂದಿದೆ, ಟಿಂಕರಿಗೆ ಅದೇ ಬಾಗಿನ ತಗಡು ಬೇಕಂತೆ. ಹತ್ತು ಸಾವಿರಕ್ಕೆ ಲೆಕ್ಕ ಚುಕ್ತಾ ಮಾಡ್ಕೊಳ್ಳೋಣ.

ಇಂತಿ,
ಒಬ್ಬ ಓದುಗ, ಮೈಸೂರು