ಅಮೆರಿಕದ ಪ್ರೈಮರಿ: ಮತದಾರರನ್ನು ಹೊರಗಿಡುವ ನಿಯಮಗಳು

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷೀಯ ಪ್ರೈಮರಿ ಚುನಾವಣೆಗಳ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಆರಿಸುವ ಪೂರ್ವಭಾವಿ ಚುನಾವಣೆಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಎಣಿಕೆಯಲ್ಲಿ ಮೋಸವಾಯಿತೇ ಎಂಬಲ್ಲಿಗೇ ನಿಂತುಬಿಡುತ್ತದೆ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಹಲವು ಚುನಾವಣೆಗಳಿಗೆ ಪ್ರಿಸೈಡಿಂಗ್ ಅಧಿಕಾರಿಯಾಗಿ ಕೆಲಸ ಮಾಡಿದ ನನಗೆ, ಅಲ್ಲಿಯ ಮತದಾರರಿಗೆ ಅನ್ಯಾಯವಾಗುವುದು ಎಣಿಕೆಗೆ ಬಹಳ ಮುಂಚೆ, ಯಾರು, ಎಲ್ಲಿ, ಯಾವಾಗ ಮತ ಹಾಕಬಹುದು ಎಂಬ ನಿಯಮ ಬರೆಯುವಾಗಲೇ ಎನ್ನಿಸುತ್ತದೆ.

ಅಲ್ಲಿಯ ಪೌರತ್ವ ಪಡೆದು ನ್ಯೂಯಾರ್ಕ್‌ನಲ್ಲಿ ನೆಲೆಸಿರುವ ನನ್ನ ತಂಗಿಯ ಮಗನಿಗೆ 2016ರಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದೂ ಪ್ರೈಮರಿಯಲ್ಲಿ ಮತ ಹಾಕಲಾಗಲಿಲ್ಲ; ನೋಂದಣಿ ಅರ್ಜಿಯಲ್ಲಿ ಪಕ್ಷದ ಕಲಂ ಅನ್ನು ಆತ ಖಾಲಿ ಬಿಟ್ಟಿದ್ದ. ಆ ರಾಜ್ಯದಲ್ಲಿ ಆಯಾ ಪಕ್ಷದಡಿ ಹೆಸರು ನೋಂದಾಯಿಸಿದವರಿಗಷ್ಟೇ ಆ ಪಕ್ಷದ ಪ್ರೈಮರಿಯಲ್ಲಿ ಮತವಿದೆ. ಏಪ್ರಿಲ್ 19ರ ಮತದಾನಕ್ಕೆ ಪಕ್ಷ ಬದಲಿಸಿಕೊಳ್ಳುವ ಕೊನೆಯ ದಿನ ಹಿಂದಿನ ವರ್ಷದ ಅಕ್ಟೋಬರ್ 9 ಆಗಿತ್ತು. ಅಂದರೆ ಕಣದಲ್ಲಿ ಕೊನೆಗೆ ಯಾರು ಉಳಿಯುತ್ತಾರೆಂದು ಜನರಿಗೆ ತಿಳಿಯುವ ಆರು ತಿಂಗಳು ಮೊದಲೇ ಅವರು ತಮ್ಮ ಪಕ್ಷವನ್ನು ನಿರ್ಧರಿಸಿರಬೇಕಿತ್ತು. ಡೊನಾಲ್ಡ್ ಟ್ರಂಪ್ ಅವರ ಮಗಳು ಇವಾಂಕಾ ಮತ್ತು ಮಗ ಎರಿಕ್ ಕೂಡ ಈ ಗಡುವು ತಪ್ಪಿದ್ದರಿಂದ ತಂದೆಗೇ ಮತ ಹಾಕಲಾರದೆ ಉಳಿದರು. ಅದೇ ಪ್ರೈಮರಿಗೆ ಮುನ್ನ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ ಭಾಗದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು ಪಟ್ಟಿಯಿಂದ ಹೋಗಿದ್ದವು. ಈಗ ಆ ರಾಜ್ಯ ಗಡುವನ್ನು ಫೆಬ್ರವರಿ 14ಕ್ಕೆ ತಂದಿರುವುದು ಸ್ವಾಗತಾರ್ಹ. ಆದರೆ ಯಾವ ಪಕ್ಷವನ್ನೂ ಸೇರಲೊಲ್ಲದವರಿಗೆ ಇಂದಿಗೂ ಬಾಗಿಲು ಮುಚ್ಚಿಯೇ ಇದೆ.

ಅಭ್ಯರ್ಥಿಯ ಆಯ್ಕೆ ಪಕ್ಷದ ಮನೆಯೊಳಗಿನ ವಿಚಾರ, ಹೊರಗಿನವರಿಗೆ ಅಲ್ಲಿ ಏನು ಕೆಲಸ ಎಂದು ಕೆಲವರು ಕೇಳುತ್ತಾರೆ. ಟೆಕ್ಸಾಸ್‌ನ ಡೆಮಾಕ್ರಟಿಕ್ ಪಕ್ಷ ಪ್ರೈಮರಿಯನ್ನು ಬಿಳಿಯರಿಗಷ್ಟೇ ಮೀಸಲಿಟ್ಟಾಗಲೂ ಇದೇ ವಾದವನ್ನು ಮುಂದಿಡಲಾಗಿತ್ತು. ರಾಜ್ಯದ ಕಾನೂನಿನಡಿ ನಡೆಯುವ ಪ್ರೈಮರಿಯೂ ಚುನಾವಣೆಯ ಅಂಗವೇ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 1944ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಪಕ್ಷ ಸೇರದವನ ತೊಂದರೆಯನ್ನು ಕಪ್ಪು ಜನ ಅನುಭವಿಸಿದ ಅವಮಾನಕ್ಕೆ ನಾನು ಹೋಲಿಸಲಾರೆ. ಆದರೂ ಸರ್ಕಾರದ ಹಣ, ಸಿಬ್ಬಂದಿ ಮತ್ತು ಯಂತ್ರಗಳಿಂದ ನಡೆಯುವ ಮತದಾನವನ್ನು ಖಾಸಗಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಅರಿಜೋನಾ ರಾಜ್ಯದ ಮ್ಯಾರಿಕೋಪಾ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) 2012ರಲ್ಲಿ ಸುಮಾರು 200 ಇದ್ದ ಮತಗಟ್ಟೆಗಳನ್ನು 2016ರ ಪ್ರೈಮರಿಗೆ 60ಕ್ಕೆ ಇಳಿಸಲಾಯಿತು. ಇಂಥ ಬದಲಾವಣೆಗೆ ಕೇಂದ್ರದ ಪೂರ್ವಾನುಮತಿ ಬೇಕೆಂಬ ನಿಬಂಧನೆ ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಿದ್ದುಹೋಗಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ. ಜನ ಗಂಟೆಗಟ್ಟಲೆ ನಿಂತರು. ಕೆಲವರ ಸರದಿ ಬರುವಷ್ಟರಲ್ಲಿ ಮಧ್ಯರಾತ್ರಿಯಾಗಿತ್ತು. ನಮ್ಮಲ್ಲಿ ಮತದಾನದ ವೇಳೆ ಮುಗಿಯುತ್ತಲೇ ಸರದಿಯ ಕೊನೆಯವರಿಂದ ಹಿಡಿದು ಮುಂದಕ್ಕೆ ಚೀಟಿ ಹಂಚುತ್ತ ಬರುತ್ತೇವೆ. ಚೀಟಿ ಹಿಡಿದು ನಿಂತ ಕೂಲಿಯವರ ಮುಖದ ದಣಿವನ್ನು ಕಂಡ ನನಗೆ, ಐದು ಗಂಟೆ ನಿಲ್ಲಬೇಕಾದಲ್ಲಿ ಎಷ್ಟು ಮಂದಿ ಮನೆಗೆ ಮರಳಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅಯೋವಾ ರಾಜ್ಯದಲ್ಲಿ ಪ್ರೈಮರಿಯ ಬದಲು ಪಕ್ಷದ ಸಭೆಗಳಲ್ಲಿ ನಡೆಯುತ್ತಿದ್ದ ಕಾಕಸ್ ಪದ್ಧತಿಯಂತೂ ಇನ್ನೂ ಕಠಿಣವಾಗಿತ್ತು. 2020ರ ಡೆಮಾಕ್ರಟಿಕ್ ಕಾಕಸ್‌ನಲ್ಲಿ ಜನ ನಿಗದಿತ ಸಂಜೆ ಒಂದೆಡೆ ಸೇರಿ, ಎಲ್ಲರೆದುರು ತಮ್ಮ ಅಭ್ಯರ್ಥಿಯ ಗುಂಪಿನಲ್ಲಿ ನಿಲ್ಲಬೇಕಿತ್ತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಪಾಳಿ ಕೆಲಸಗಾರನೋ ಎಳೆಗೂಸಿನ ತಾಯಿಯೋ ಅಲ್ಲಿದ್ದಿದ್ದರೆ ಹೇಗೆ ಹೋಗಬೇಕಿತ್ತು? ಆ ವರ್ಷ ಬರ್ನಿ ಸ್ಯಾಂಡರ್ಸ್ ಅವರಿಗೆ ಹೆಚ್ಚು ಮತ ಬಂದರೂ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಂತಿಮವಾಗಿ ಆರಿಸುವ ಪ್ರತಿನಿಧಿಗಳು ಪೀಟ್ ಬುಟಿಜೆಜ್ ಅವರಿಗೆ 14, ಸ್ಯಾಂಡರ್ಸ್ ಅವರಿಗೆ 12 ಮಂದಿ ಸಿಕ್ಕರು.

2016ರ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ಸ್ಯಾಂಡರ್ಸ್ ಅವರ ಸೋಲನ್ನು ಇವೆಲ್ಲದರ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಹಿಲರಿ ಕ್ಲಿಂಟನ್ ಅವರು ಸ್ಯಾಂಡರ್ಸ್ ಅವರಿಗಿಂತ 30 ಲಕ್ಷಕ್ಕೂ ಹೆಚ್ಚು ಮತ ಪಡೆದಿದ್ದರು. ಆದರೆ ಯಾರೂ ಮತ ಹಾಕುವ ಮೊದಲೇ ನೂರಾರು ಸೂಪರ್ ಡೆಲಿಗೇಟ್‌ಗಳು, ಅಂದರೆ ಪ್ರೈಮರಿ ಫಲಿತಾಂಶಕ್ಕೆ ಬದ್ಧರಲ್ಲದೆ ಸಮಾವೇಶದಲ್ಲಿ ಮತ ಹಾಕಬಲ್ಲ ಪಕ್ಷದ ನಾಯಕರು, ಕ್ಲಿಂಟನ್ ಪರ ನಿಂತದ್ದು ಜನರಲ್ಲಿ ಸಂಶಯ ಬಿತ್ತಿತು. 2018ರಲ್ಲಿ ಪಕ್ಷವೇ ನಿಯಮ ತಿದ್ದಿ, ಸಮಾವೇಶದಲ್ಲಿ ಪೈಪೋಟಿಯಿರುವ ಮೊದಲ ಸುತ್ತಿನಲ್ಲಿ ಈ ಡೆಲಿಗೇಟ್‌ಗಳ ಮತವನ್ನು ತೆಗೆದುಹಾಕಿತು.

2028ರ ಪ್ರೈಮರಿಗಳು ಆರಂಭವಾದಾಗ, ಆಯಾ ರಾಜ್ಯದ ಫಲಿತಾಂಶದ ಜೊತೆಗೆ ಅಲ್ಲಿ ಯಾರಿಗೆ ಮತದ ಹಕ್ಕಿತ್ತು, ನೋಂದಣಿಯ ಗಡುವು ಯಾವಾಗ ಮುಗಿದಿತ್ತು ಎಂಬ ಎರಡು ಸಾಲನ್ನೂ ತಮ್ಮ ಪತ್ರಿಕೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಮಾಳಮಡ್ಡಿ, ಧಾರವಾಡ